ಪಾಯಿಂಟ್ ಟೂ ಟೂ ರೈಫಲ್‌ಗೆ ಕೈಗೆಟುಕುವ ರೆಡ್ ಡಾಟ್: ಆರಿಸೋದು, ಕೂರಿಸೋದು, ಝೀರೋ ಮಾಡೋದು

ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿದ್ದವರಿಗೆ ಪಾಯಿಂಟ್ ಟೂ ಟೂ ರೈಫಲ್ ಮರೆತಿರುವುದಿಲ್ಲ. ನೆಲಕ್ಕೆ ಮಲಗಿ, ಗುರಿ ಹಿಡಿಯಲು ನಳಿಗೆಯ ಮೇಲಿರುವ ಹಿಂದಿನ ಸೈಟಿನಲ್ಲಿ ಮುಂದಿನ ಸೈಟಿನ ತುದಿ ಕೂರಿಸಿ, ಅದನ್ನು ಟಾರ್ಗೆಟ್ಟಿಗೆ ತಂದು, ಉಸಿರು ಹಿಡಿದು ಟ್ರಿಗರ್ ಒತ್ತಬೇಕು. ಹದಿನೆಂಟು ವರ್ಷದ ಕಣ್ಣಿಗೆ ಇದೇನೂ ಕಷ್ಟವಲ್ಲ. ನಲವತ್ತೈದು ದಾಟಿದ ಮೇಲೆ ಕಥೆ ಬೇರೆ. ಟಾರ್ಗೆಟ್ ಚೆನ್ನಾಗಿ ಕಂಡರೆ ಮುಂದಿನ ಸೈಟ್ ಮಸುಕು. ಸೈಟ್ ಚೆನ್ನಾಗಿ ಕಂಡರೆ ಟಾರ್ಗೆಟ್ ಮಸುಕು. ಎರಡನ್ನೂ ಒಟ್ಟಿಗೆ ಹಿಡಿಯಲು ಕಣ್ಣು ಒಪ್ಪುವುದೇ ಇಲ್ಲ.

ರೆಡ್ ಡಾಟ್ ಅಂದರೆ ರೈಫಲ್ ಮೇಲೆ ಕೂರಿಸುವ, ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್. ಅದು ಈ ತಾಪತ್ರಯ ತಪ್ಪಿಸುತ್ತದೆ. ಕಣ್ಣು ಟಾರ್ಗೆಟ್ ಮೇಲೇ ಇರಲಿ, ಚುಕ್ಕೆ ಅಲ್ಲೇ ತೇಲುತ್ತಿರುತ್ತದೆ. ಚುಕ್ಕೆ ಎಲ್ಲಿದೆಯೋ ಗುಂಡು ಅಲ್ಲಿಗೆ. ಇದಕ್ಕೆ ಐನೂರು ಡಾಲರ್ ಸುರಿಯಬೇಕಿಲ್ಲ. .22 ರೈಫಲ್ ಒದೆಯುವುದು ತೀರಾ ಕಡಿಮೆ, ನಾವು ಹೊಡೆಯುವ ದೂರವೂ ಕಡಿಮೆ. ನೂರರಿಂದ ನೂರೈವತ್ತು ಡಾಲರ್ ಒಳಗಿನದು ಧಾರಾಳ ಸಾಕು. ಆದರೆ ಕೊಳ್ಳುವ ಮುಂಚೆ ನಿಮ್ಮ ಕಣ್ಣು ನೋಡಿಕೊಳ್ಳಿ, ಕೊಂಡ ಮೇಲೆ ಸೈಟನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್ ನೋಡಿಕೊಳ್ಳಿ. ಜನ ಇವೆರಡನ್ನೂ ಬಿಟ್ಟು ಬ್ರ್ಯಾಂಡ್ ಹೆಸರಿಗೆ ಜಗಳ ಆಡುತ್ತಾರೆ.

ನಾನಿರುವುದು ಟೆಕ್ಸಾಸ್‌ನಲ್ಲಿ. ರೈಫಲ್ ರೂಗರ್ 10/22. 1964ರಿಂದ ಬರುತ್ತಿರುವ ಮಾಡೆಲ್ ಇದು, ಇಲ್ಲಿ ಮನೆಮನೆಯಲ್ಲೂ ಇರುವಂಥದ್ದು. ತಿಂಗಳಿಗೊಮ್ಮೆ ನಮ್ಮ ರೇಂಜ್‌ನಲ್ಲಿ ಸ್ಟೀಲ್ ಚಾಲೆಂಜ್ ಪಂದ್ಯ ನಡೆಯುತ್ತದೆ. ಬಿಳಿ ಬಣ್ಣ ಹೊಡೆದ ಐದು ಉಕ್ಕಿನ ತಟ್ಟೆಗಳು, ಹತ್ತಿರದ್ದು ಏಳು ಗಜ, ದೂರದ್ದು 35 ಗಜ. ಬೀಪ್ ಕೇಳಿದ ತಕ್ಷಣ ಐದನ್ನೂ ಹೊಡೆಯಬೇಕು, ಯಾರು ಬೇಗ ಅನ್ನುವುದೇ ಲೆಕ್ಕ. ನಾನು ಬರೆಯುತ್ತಿರುವುದು ಇಂಥ ಆಟಕ್ಕೆ ಮತ್ತು ಭಾನುವಾರ ಪೇಪರ್ ಟಾರ್ಗೆಟ್ ತೂತು ಮಾಡುವವರಿಗೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಫೆಡರಲ್ ಕಾನೂನು ಅದು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿ ಬಿಟ್ಟರೆ, ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದಕ್ಕೂ ಇದೇ ನಿಯಮ. "ಫ್ರೆಂಡ್ ರೈಫಲ್ ಅಲ್ವಾ, ಒಂದೆರಡು ಗುಂಡು ಹೊಡೆದರೆ ಏನಾಯ್ತು" ಅಂತ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಅದರ ಮೇಲೆ ರಾಜ್ಯದ್ದು ಬೇರೆ: ಇಲಿನಾಯ್, ನ್ಯೂ ಜೆರ್ಸಿಯಂಥ ಕಡೆ ಗುರುತಿನ ಕಾರ್ಡ್ ಮಾಡಿಸಬೇಕು.

ಸೈಟ್ ಕೊಳ್ಳುವುದಕ್ಕೆ ಮಾತ್ರ ಕಾಗದ ಪತ್ರ ಏನೂ ಬೇಡ, ಅಂಗಡಿಯಲ್ಲಿ ಸೋಪು ತಂದಷ್ಟೇ ಸಲೀಸು. ಹಾಗಂತ ಊರಿಗೆ ಹೋಗುವಾಗ ಭಾವನ ಏರ್‌ಗನ್‌ಗೆ ಒಂದು ಅಂತ ಸೂಟ್‌ಕೇಸಿಗೆ ಹಾಕಬೇಡಿ. ಬಂದೂಕಿನ ರೆಡ್ ಡಾಟ್‌ಗಳು ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ಬೆಂಗಳೂರು ಕಸ್ಟಮ್ಸ್ ಆಮೇಲಿನ ಮಾತು, ಇಲ್ಲಿಂದ ಹೊರಡುವಾಗಲೇ ತಪ್ಪಾಗುತ್ತದೆ.

ಇನ್ನು ಕಣ್ಣು. ಅಂಗಡಿಗೆ ಹೋಗಿ ಒಂದು ರೆಡ್ ಡಾಟ್ ಆನ್ ಮಾಡಿ ನೋಡಿ. ಸಣ್ಣ, ದುಂಡನೆಯ ಚುಕ್ಕೆ ಕಾಣಬೇಕು. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲಾ ಕಡೆ ಒಂದೇ ಸಮ ಇಲ್ಲದ ದೋಷ, ಇರುವವರಿಗೆ ಹಾಗೆ ಕಾಣುವುದಿಲ್ಲ. ಅಲ್ಪವಿರಾಮದ ಹಾಗೆ ಬಾಲ ಬಂದಿರುತ್ತದೆ, ಇಲ್ಲವೇ ದ್ರಾಕ್ಷಿ ಗೊಂಚಲಿನ ಹಾಗೆ ನಾಲ್ಕೈದು ಚುಕ್ಕೆ, ಇಲ್ಲವೇ ಸುತ್ತ ಕಿರಣ ಚೆಲ್ಲಿದ ಹಾಗೆ. ಬಹಳ ಜನ ಇದನ್ನು ಸೈಟಿನ ದೋಷ ಅಂದುಕೊಂಡು ವಾಪಸ್ ಕೊಟ್ಟು, ಇನ್ನೊಂದು ತಂದು, ಅದರಲ್ಲೂ ಬಾಲ ಕಂಡು ಬೈಯುತ್ತಾರೆ.

ದೋಷ ಸೈಟಿನದೋ ಕಣ್ಣಿನದೋ ತಿಳಿಯುವುದು ಸುಲಭ. ಫೋನಿನ ಕ್ಯಾಮೆರಾವನ್ನು ಸೈಟಿನ ಹಿಂದೆ ಹಿಡಿದು, ದೂರದ ಗೋಡೆಗೆ ಫೋಕಸ್ ಮಾಡಿ ಫೋಟೋ ತೆಗೆಯಿರಿ. ಫೋಟೋದಲ್ಲಿ ಚುಕ್ಕೆ ದುಂಡಗಿದ್ದರೆ ಸೈಟ್ ಸರಿ ಇದೆ. ಇನ್ನೊಂದು ಉಪಾಯವೂ ಇದೆ. ಸೈಟನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಸೈಟಿನ ಜೊತೆ ಬಾಲವೂ ತಿರುಗಿದರೆ ಸೈಟಿನದು. ಸೈಟ್ ತಿರುಗಿದರೂ ಬಾಲ ಇದ್ದಲ್ಲೇ ಇದ್ದರೆ ಅದು ನಿಮ್ಮ ಕಣ್ಣಿನದು.

ಕಣ್ಣಿನದಾದರೆ ಗಾಬರಿ ಬೇಡ. ದೂರದ ನಂಬರಿನ ಕನ್ನಡಕ ಹಾಕಿಕೊಂಡು ಮತ್ತೆ ನೋಡಿ, ಹೆಚ್ಚಿನವರಿಗೆ ಅಲ್ಲಿಗೇ ಸರಿಹೋಗುತ್ತದೆ. ಬೆಳಕು ಎರಡು ಮೂರು ಹಂತ ಇಳಿಸಿ ನೋಡಿ, ಆಗಲೂ ಬಾಲ ಸಣ್ಣದಾಗುತ್ತದೆ. ಏನು ಮಾಡಿದರೂ ಹೋಗದಿದ್ದರೆ ರೆಡ್ ಡಾಟ್ ಬಿಟ್ಟು, ದೃಶ್ಯವನ್ನು ದೊಡ್ಡದು ಮಾಡದ, 1x ಅನ್ನುವ ಪ್ರಿಸಂ ಸೈಟ್ ಕೇಳಿ. ಅದರ ಗುರುತನ್ನು ಗಾಜಿನ ಮೇಲೇ ಕೆತ್ತಿರುತ್ತಾರೆ, ನಿಮ್ಮ ಕಣ್ಣಿಗೆ ತಕ್ಕಂತೆ ಫೋಕಸ್ ತಿರುಗಿಸಿಕೊಳ್ಳಬಹುದು. ಬೆಲೆ ಸ್ವಲ್ಪ ಜಾಸ್ತಿ. ಕಣ್ಣನ್ನೂ ಒಂದೇ ಕಡೆ, ಸರಿಯಾದ ದೂರದಲ್ಲಿ ಇಡಬೇಕು.

ದೂರದ್ದೂ ಹತ್ತಿರದ್ದೂ ಒಂದೇ ಗಾಜಿನಲ್ಲಿರುವ ಪ್ರೋಗ್ರೆಸಿವ್ ಕನ್ನಡಕ ಹಾಕುವ ನನ್ನಂಥವರಿಗೆ ಇನ್ನೊಂದು ಸೂಕ್ಷ್ಮ ಇದೆ. ರೈಫಲ್ಲಿನ ಹಿಂಭಾಗದ ಸ್ಟಾಕಿಗೆ ಕೆನ್ನೆ ಒತ್ತಿದಾಗ ತಲೆ ಮುಂದಕ್ಕೆ ಬಾಗುತ್ತದೆ, ಆಗ ಗಾಜಿನ ಮೇಲ್ಭಾಗದಿಂದ ನೋಡುತ್ತೇವೆ. ದೂರದ ನಂಬರ್ ಇರುವುದೂ ಅಲ್ಲೇ. ಅಲ್ಲಿಯವರೆಗೆ ಒಳ್ಳೆಯದೇ. ಆದರೆ ಸೈಟ್ ತೀರಾ ತಗ್ಗಿನಲ್ಲಿದ್ದರೆ ತಲೆ ಇನ್ನೂ ಬಾಗಿ, ಕನ್ನಡಕದ ಫ್ರೇಮಿನ ಅಂಚೇ ಚುಕ್ಕೆಗೆ ಅಡ್ಡ ಬರುತ್ತದೆ. ಆಗ ಅರ್ಧ ಇಂಚು ಹೆಚ್ಚು ಎತ್ತರದ ಮೌಂಟ್ ಹಾಕಿದರೆ ಕತ್ತಿಗೂ ಸುಖ, ಕಣ್ಣಿಗೂ ಸುಖ.

ಇದು ಕೆಲಸ ಮಾಡುವುದು ಹೇಗೆ ಅಂತ ಚಿಕ್ಕದಾಗಿ ಹೇಳುತ್ತೇನೆ. ಹಿಂದೆ ಒಂದು ಪುಟ್ಟ ಎಲ್‌ಇಡಿ, ಮುಂದೆ ಓರೆಯಾಗಿ ಕೂತ ಬಾಗಿದ ಗಾಜು. ಗಾಜಿನ ಲೇಪನ ಕೆಂಪು ಬೆಳಕನ್ನಷ್ಟೇ ಕಣ್ಣಿಗೆ ತಿರುಗಿಸುತ್ತದೆ, ಉಳಿದದ್ದನ್ನು ಬಿಡುತ್ತದೆ. ಗಾಜಿಗೆ ಸ್ವಲ್ಪ ನೀಲಿ ಛಾಯೆ ಇರುವುದು ಅದಕ್ಕೇ. ಲೇಸರ್ ಅಲ್ಲ, ಟಾರ್ಗೆಟ್ ಮೇಲೆ ಏನೂ ಬೀಳುವುದಿಲ್ಲ. ಈ ಉಪಾಯಕ್ಕೆ 1900ರಲ್ಲೇ ಪೇಟೆಂಟ್ ತಗೊಂಡವರು ಐರ್ಲೆಂಡಿನ ಹೊವಾರ್ಡ್ ಗ್ರಬ್. ದೂರದರ್ಶಕ ಮಾಡುತ್ತಿದ್ದವರು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕವೂ ಅವರ ಕಂಪನಿಯದೇ. ಸೆಲ್ ಹಾಕಿ ಬಂದೂಕಿನ ಮೇಲೆ ಕೂರಿಸುವ ರೆಡ್ ಡಾಟ್ ಮಾತ್ರ 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿಯಿಂದ ಬಂತು. ಏಮ್‌ಪಾಯಿಂಟ್ ಈಗಲೂ ದುಬಾರಿಯೇ. ನಮಗೆ ಬೇಡ.

ಅಗ್ಗದ್ದು ಅಂದರೆ ಎಷ್ಟು ಅಗ್ಗ? ಮೂವತ್ತು ನಲವತ್ತು ಡಾಲರಿಗೆ ಸಿಗುವವು ಬಹುಪಾಲು ಏರ್‌ಸಾಫ್ಟ್ ಆಟಿಕೆಗೆ ಮಾಡಿದ್ದು. ಕೆಲವಂತೂ ದೊಡ್ಡ ಕಂಪನಿಯ ರೂಪವನ್ನೇ ನಕಲು ಹೊಡೆದಿರುತ್ತವೆ. ಚುಕ್ಕೆ ಚೆನ್ನಾಗೇ ಕಾಣುತ್ತದೆ. ಆದರೆ ಇವತ್ತು ಝೀರೋ ಮಾಡಿದ್ದು, ಅಂದರೆ ಚುಕ್ಕೆ ಇದ್ದಲ್ಲೇ ಗುಂಡು ಬೀಳುವಂತೆ ಹೊಂದಿಸಿದ್ದು, ನಾಳೆಗೆ ಇರುತ್ತದೆ ಅನ್ನುವ ಧೈರ್ಯ ಇಲ್ಲ, ಹಾಗಾಗಿ ಗುಂಡು ತಪ್ಪಿದಾಗ ತಪ್ಪು ಕೈಯದೋ ಸೈಟಿನದೋ ಗೊತ್ತಾಗದೆ ತಲೆ ಕೆಡುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ. ಬುಶ್‌ನೆಲ್ ಟಿಆರ್‌ಎಸ್-25, ವೋರ್ಟೆಕ್ಸ್ ಕ್ರಾಸ್‌ಫೈರ್, ಸಿಗ್ ರೋಮಿಯೋ5, ಹೋಲೋಸನ್ 403 ಸಾಲಿನವು ಈ ದರ್ಜೆಯವು. ಸೇಲ್ ಇದ್ದಾಗ ಇನ್ನೂ ಇಳಿಯುತ್ತವೆ, ಕಾಯುವ ತಾಳ್ಮೆ ಇದ್ದರೆ ಲಾಭ. ನನ್ನ ರೈಫಲ್ ಮೇಲಿರುವುದು ರೋಮಿಯೋ5. ಡಬ್ಬಿಯಲ್ಲೇ ತಗ್ಗಿನದೊಂದು, ಎತ್ತರದ್ದೊಂದು ಎರಡು ಮೌಂಟ್ ಬರುತ್ತವೆ ಅಂತ ತಗೊಂಡೆ. 10/22ಗೆ ತಗ್ಗಿನದು ಸರಿ. ಎತ್ತರದ್ದು ಎಆರ್-15 ಥರದ ರೈಫಲ್‌ಗೆ.

ಆರಿಸುವಾಗ ನಾನು ನೋಡುವುದು ಇಷ್ಟು. ಚುಕ್ಕೆಯ ಅಳತೆಯನ್ನು ಎಂಓಎಯಲ್ಲಿ ಹೇಳುತ್ತಾರೆ. ಒಂದು ಎಂಓಎ ಅಂದರೆ ನೂರು ಗಜದಲ್ಲಿ ಸುಮಾರು ಒಂದು ಇಂಚು. ಎರಡು ಎಂಓಎ ಚುಕ್ಕೆ 25 ಗಜದಲ್ಲಿ ಅರ್ಧ ಇಂಚು ಮುಚ್ಚುತ್ತದೆ, ಆರು ಎಂಓಎ ಆದರೆ ಒಂದೂವರೆ ಇಂಚು. ಹತ್ತು ಇಂಚಿನ ತಟ್ಟೆಗೆ ಯಾವುದಾದರೂ ನಡೆಯುತ್ತದೆ, ದೊಡ್ಡ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ ಕೂಡ. ಪೇಪರ್ ಮೇಲೆ ಗುಂಡುಗಳು ಒತ್ತೊತ್ತಾಗಿ ಬಿದ್ದ ಸಣ್ಣ ಗ್ರೂಪ್ ಬೇಕು ಅನ್ನುವವರಿಗೆ ಎರಡು ಅಥವಾ ಮೂರು ಎಂಓಎ. ಒಂದೇ ಸೈಟಿನಲ್ಲಿ ಎರಡೂ ಕೆಲಸ ಆಗಬೇಕು ಅಂದರೆ ಸಣ್ಣದೇ ತಗೊಳ್ಳಿ. ಬೆಳಕು ಏರಿಸಿದರೆ ಸಣ್ಣ ಚುಕ್ಕೆಯೂ ದಪ್ಪಗಾಗುತ್ತದೆ.

ಕೊಳವೆ ಥರದ್ದು ಬೇಕೋ, ಮುಂದೆ ಗಾಜಿನ ಒಂದು ಕಿಟಕಿ ಮಾತ್ರ ಇರುವ ತೆರೆದ ಥರದ್ದು ಬೇಕೋ ಅನ್ನುವುದು ಇನ್ನೊಂದು ಪ್ರಶ್ನೆ. ತೆರೆದದ್ದು ಹಗುರ, ನೋಟವೂ ವಿಶಾಲ. ಆದರೆ ಎಲ್‌ಇಡಿ ಹೊರಗೇ ಇರುತ್ತದೆ. ಅದರ ಮೇಲೆ ಒಂದು ಹನಿ ಮಳೆ ಬಿದ್ದರೆ, ಧೂಳು ಕೂತರೆ ಚುಕ್ಕೆ ಒಡೆದು ಹೋಗುತ್ತದೆ. .22 ಸೆಮಿ ಆಟೊಮ್ಯಾಟಿಕ್ ಹೊಡೆದವರಿಗೆ ಗೊತ್ತು, ಮೇಣವೂ ಮಸಿಯೂ ಸೇರಿ ಎಲ್ಲಾ ಕಡೆ ಕೊಳೆ ಹಿಡಿಯುತ್ತದೆ. ನನ್ನ ಓಟು ಕೊಳವೆಗೆ. ಸೆಲ್ ಸಾಮಾನ್ಯವಾಗಿ ಸಿಆರ್2032, ಮೆಡಿಕಲ್ ಸ್ಟೋರಲ್ಲೂ ಸಿಗುತ್ತದೆ. ಅಲುಗಿಸಿದಾಗ ತಾನೇ ಆನ್ ಆಗಿ, ಸುಮ್ನೆ ಇಟ್ಟಾಗ ತಾನೇ ಆಫ್ ಆಗುವ ಸೌಲಭ್ಯ ಇದ್ದರೆ ವರ್ಷಗಟ್ಟಲೆ ಬರುತ್ತದೆ. ಇಲ್ಲದ ಸೈಟ್ ಆದರೆ ಆಫ್ ಮಾಡುವ ಅಭ್ಯಾಸ ನಿಮ್ಮದು.

ಸೈಟ್ ಮನೆಗೆ ಬಂತು. ಈಗ ಕೂರಿಸುವ ಕೆಲಸ. ಇಲ್ಲಿ ಅವಸರ ಬೇಡವೇ ಬೇಡ. "ಸೈಟ್ ಝೀರೋ ಹಿಡಿಯಲ್ಲ" ಅನ್ನುವ ದೂರಿನಲ್ಲಿ ಬಹುಪಾಲು ಸಡಿಲ ಮೌಂಟಿನದು. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಎಳೆದು ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ತೋಟಾ ಡಬ್ಬಿ ಬೇರೆ ಕೋಣೆಯಲ್ಲಿರಲಿ.

10/22ರ ಮೇಲೆ ಮೌಂಟ್ ಕೂರುವ ಬೇಸನ್ನು ನಾಲ್ಕು ಪುಟ್ಟ ಸ್ಕ್ರೂ ಹಿಡಿದಿರುತ್ತವೆ. ಎಲ್ಲರೂ ಸೈಟಿನ ಸ್ಕ್ರೂ ಬಿಗಿ ಮಾಡುತ್ತಾರೆ, ಅದರ ಕೆಳಗಿನ ಈ ನಾಲ್ಕನ್ನು ಯಾರೂ ಮುಟ್ಟುವುದಿಲ್ಲ. ಅವನ್ನು ಬಿಚ್ಚಿ, ಎಣ್ಣೆ ಜಿಡ್ಡನ್ನು ಆಲ್ಕೋಹಾಲ್‌ನಿಂದ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಬಣ್ಣದ ಲಾಕ್‌ಟೈಟ್ ಒಂದು ತೊಟ್ಟು ಹಾಕಿ ಮತ್ತೆ ಬಿಗಿ ಮಾಡಿ. ಕೆಂಪು ಲಾಕ್‌ಟೈಟ್ ಹಾಕಿದರೆ ಆಮೇಲೆ ಕಾಯಿಸದೆ ಬಿಚ್ಚಲು ಬರುವುದಿಲ್ಲ.

ಬೇಸ್ ಯಾವ ಥರದ್ದು ಅಂತಲೂ ನೋಡಿ. ಪಿಕಾಟಿನಿ ರೈಲು ಅನ್ನುವ ಲೋಹದ ಪಟ್ಟಿಯ ಅಡ್ಡ ಕಚ್ಚು 5.23 ಮಿಲಿಮೀಟರ್ ಅಗಲ. ಹಳೆಯ ವೀವರ್ ಬೇಸಿನದು 4.57. ವೀವರ್‌ಗೆ ಮಾಡಿದ ಮೌಂಟ್ ಪಿಕಾಟಿನಿಗೆ ಕೂರುತ್ತದೆ. ಪಿಕಾಟಿನಿಯ ದಪ್ಪ ಅಡ್ಡ ಬೋಲ್ಟ್ ವೀವರ್ ಕಚ್ಚಿಗೆ ಇಳಿಯುವುದಿಲ್ಲ. ಬಲವಂತ ಮಾಡಿ ಬಿಗಿದರೆ ಮೌಂಟ್ ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ರೈಲಿನ ಮೇಲೆ ಕೂತಿರುವುದಿಲ್ಲ, ಸ್ವಲ್ಪ ಎತ್ತಿಕೊಂಡಿರುತ್ತದೆ. ಪಕ್ಕದಿಂದ ಟಾರ್ಚ್ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತದೆ. ಕೆಲವು .22 ಮತ್ತು ಏರ್ ರೈಫಲ್‌ಗಳಲ್ಲಿ ರೈಲೇ ಇರುವುದಿಲ್ಲ. 11 ಮಿಲಿಮೀಟರಿನ ಡವ್‌ಟೇಲ್ ಗೀರು ಮಾತ್ರ ಇರುತ್ತದೆ, ಅದಕ್ಕೆ ಬೇರೆ ಅಡಾಪ್ಟರ್ ಬೇಕು.

ಮೌಂಟನ್ನು ಕಚ್ಚಿಗೆ ಇಳಿಸಿ, ಸ್ಕ್ರೂ ಅರ್ಧ ಬಿಗಿ ಮಾಡಿ, ಸೈಟನ್ನು ನಳಿಗೆಯ ಕಡೆಗೆ ಬೆರಳಲ್ಲಿ ತಳ್ಳಿ ಹಿಡಿದುಕೊಳ್ಳಿ. ಹಾಗೆ ತಳ್ಳಿಕೊಂಡೇ ಪೂರ್ತಿ ಬಿಗಿ ಮಾಡಿ. ಗುಂಡು ಹೊಡೆದಾಗ ರೈಫಲ್ ಹಿಂದಕ್ಕೆ ಬರುತ್ತದೆ, ಸೈಟ್ ಇದ್ದಲ್ಲೇ ಇರಲು ನೋಡುತ್ತದೆ. ಮೊದಲೇ ಮುಂದಿನ ಅಂಚಿಗೆ ತಾಗಿಕೊಂಡಿದ್ದರೆ ಜರುಗಲು ಜಾಗ ಇರುವುದಿಲ್ಲ. ಎಷ್ಟು ಬಿಗಿ ಅನ್ನುವುದನ್ನು ಸೈಟಿನ ಪುಸ್ತಕದಲ್ಲಿ ಇಂಚು-ಪೌಂಡಿನಲ್ಲಿ ಕೊಟ್ಟಿರುತ್ತಾರೆ, ಅದನ್ನೇ ಪಾಲಿಸಿ. ಬಿಗಿ ಎಷ್ಟು ಅಂತ ತೋರಿಸುವ ಟಾರ್ಕ್ ಸ್ಕ್ರೂಡ್ರೈವರ್ ಒಂದು ಕೊಂಡರೆ ಜೀವನ ಪೂರ್ತಿ ಬರುತ್ತದೆ. ಆಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ಸ್ಕ್ರೂ ತಲೆಯಿಂದ ಮೌಂಟಿನವರೆಗೆ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡ ದಿನ ಸ್ಕ್ರೂ ತಿರುಗಿದೆ ಅಂತ ಅರ್ಥ.

ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಪ್ಯಾರಾಲಾಕ್ಸ್ ಪರೀಕ್ಷೆಯನ್ನೂ ಮಾಡಿಬಿಡಿ. ಕಣ್ಣು ಜರುಗಿದಾಗ ಚುಕ್ಕೆಯೂ ಟಾರ್ಗೆಟ್ ಮೇಲೆ ಜರುಗುವುದೇ ಪ್ಯಾರಾಲಾಕ್ಸ್. ಡಬ್ಬಿಯ ಮೇಲೆ "ಪ್ಯಾರಾಲಾಕ್ಸ್ ಫ್ರೀ" ಅಂತ ಎಲ್ಲರೂ ಹಾಕಿರುತ್ತಾರೆ. ಪೂರ್ತಿ ನಿಜ ಅಲ್ಲ, ಹತ್ತಿರದ ದೂರದಲ್ಲಿ ಎಲ್ಲದರಲ್ಲೂ ಸ್ವಲ್ಪ ಇರುತ್ತದೆ. ರೇಂಜ್‌ನಲ್ಲಿ ಖಾಲಿ ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಕೂರಿಸಿ, 25 ಗಜದ ಟಾರ್ಗೆಟ್ಟಿನ ನಡುವಿಗೆ ಚುಕ್ಕೆ ತನ್ನಿ. ರೈಫಲ್ ಮುಟ್ಟದೆ ತಲೆಯನ್ನು ಮಾತ್ರ ಎಡ ಬಲ, ಮೇಲೆ ಕೆಳಗೆ ಆಡಿಸಿ. ಚುಕ್ಕೆ ಗಾಜಿನ ಅಂಚಿಗೆ ಹೋಗುತ್ತದೆ, ಆದರೆ ಟಾರ್ಗೆಟ್ಟಿನ ಮೇಲೆ ಅದೇ ಜಾಗದಲ್ಲಿ ಇರಬೇಕು. ಅರ್ಧ ಇಂಚು ಆಚೀಚೆ ಆದರೆ ಬಿಡಿ. ಎರಡು ಮೂರು ಇಂಚು ಓಡಿದರೆ ನಾನಾದರೆ ವಾಪಸ್ ಕೊಡುತ್ತೇನೆ.

ಝೀರೋ ಮಾಡುವುದು ಲೆಕ್ಕದ ಕೆಲಸ. ಬೋಲ್ಟ್ ಆಕ್ಷನ್ ಆದರೆ ಬೋಲ್ಟ್ ತೆಗೆದು ನಳಿಗೆಯಲ್ಲೇ ಇಣುಕಿ ಚುಕ್ಕೆ ಹೊಂದಿಸಬಹುದು. 10/22ರ ಹಿಂಭಾಗ ಮುಚ್ಚಿರುವುದರಿಂದ ಬಿಚ್ಚದೆ ಹಾಗೆ ಇಣುಕಲು ಆಗುವುದಿಲ್ಲ. ಅದಕ್ಕೆ ಹತ್ತು ಗಜದಲ್ಲಿ ಒಂದು ದೊಡ್ಡ ಕಾಗದ ಹಾಕಿ ಶುರು ಮಾಡಿ. ಗುಂಡು ಕಾಗದಕ್ಕೆ ಬಿತ್ತು ಅಂದರೆ ಅಂದಾಜಿಗೆ ಸರಿ ಮಾಡಿಕೊಂಡು 25 ಗಜಕ್ಕೆ ಹೋಗಿ. ಅಲ್ಲಿ ಚೀಲದ ಮೇಲಿಟ್ಟು, ಒಂದೇ ಬಿಂದುವಿಗೆ ನಿಧಾನಕ್ಕೆ ಐದು ಹೊಡೆಯಿರಿ. ಒಂದೊಂದು ಗುಂಡಿಗೂ ಸ್ಕ್ರೂ ತಿರುಗಿಸಬೇಡಿ. ಐದರ ಗ್ರೂಪಿನ ನಡುಭಾಗ ಎಲ್ಲಿದೆ ಅಂತ ಅಳೆಯಿರಿ.

25 ಗಜದಲ್ಲಿ ಒಂದು ಎಂಓಎ ಅಂದರೆ ಕಾಲು ಇಂಚು. ಸೈಟ್ ಅರ್ಧ ಎಂಓಎ ಕ್ಲಿಕ್ಕಿನದಾದರೆ ಒಂದು ಕ್ಲಿಕ್ಕಿಗೆ ಇಂಚಿನ ಎಂಟನೇ ಒಂದು ಭಾಗ. ಗ್ರೂಪ್ ಎರಡು ಇಂಚು ಕೆಳಗೆ, ಒಂದು ಇಂಚು ಬಲಕ್ಕೆ ಬಿದ್ದಿದೆ ಅನ್ನಿ. ಮೇಲಕ್ಕೆ 16 ಕ್ಲಿಕ್, ಎಡಕ್ಕೆ 8 ಕ್ಲಿಕ್. ಸ್ಕ್ರೂ ಪಕ್ಕದ ಬಾಣದ ಗುರುತು ಗುಂಡು ಎತ್ತ ಹೋಗಬೇಕೋ ಅದನ್ನು ತೋರಿಸುತ್ತದೆ, ಚುಕ್ಕೆ ಎತ್ತ ಜರುಗುತ್ತದೆ ಅನ್ನುವುದನ್ನಲ್ಲ. ಮತ್ತೆ ಐದು ಹೊಡೆದು ನೋಡಿ. ಅಗ್ಗದ ಸೈಟ್‌ಗಳಲ್ಲಿ ಕ್ಲಿಕ್ಕಿನ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಮ್ಮೆ ಕೂತ ಮೇಲೆ ಅಲ್ಲೇ ಇದ್ದರೆ ಸಾಕು. ಯಾವ ತೋಟಾದಲ್ಲಿ ಝೀರೋ ಮಾಡಿದಿರೋ ಅದನ್ನೇ ಬಳಸಿ. .22ರಲ್ಲಿ ಕಂಪನಿ ಬದಲಾದರೆ ಗ್ರೂಪಿನ ಜಾಗವೂ ಬದಲಾಗುತ್ತದೆ.

ಹೈ ವೆಲಾಸಿಟಿ, ಅಂದರೆ ವೇಗ ಜಾಸ್ತಿಯ ತೋಟಾದಲ್ಲಿ 25 ಗಜಕ್ಕೆ ಝೀರೋ ಮಾಡಿದರೆ 50 ಗಜದಲ್ಲೂ ಅರ್ಧ ಇಂಚಿನ ಆಸುಪಾಸಿನಲ್ಲೇ ಬೀಳುತ್ತದೆ, ಎರಡು ದೂರಕ್ಕೂ ಒಂದೇ ಝೀರೋ. ನೂರು ಗಜಕ್ಕೆ ಹೋದರೆ ಗುಂಡು ಆರೇಳು ಇಂಚು ಇಳಿದಿರುತ್ತದೆ. ತೀರಾ ಹತ್ತಿರಕ್ಕೆ ಬಂದರೆ ಬೇರೆ ಗಮ್ಮತ್ತು. ಚುಕ್ಕೆ ನಳಿಗೆಗಿಂತ ಒಂದೂವರೆ ಇಂಚು ಮೇಲಿರುವುದರಿಂದ ಏಳು ಗಜದಲ್ಲಿ ಗುಂಡು ಚುಕ್ಕೆಗಿಂತ ಸುಮಾರು ಒಂದು ಇಂಚು ಕೆಳಗೆ ಬೀಳುತ್ತದೆ. ದೊಡ್ಡ ತಟ್ಟೆಗೆ ಲೆಕ್ಕಕ್ಕಿಲ್ಲ. ಪೇಪರ್ ಮೇಲಿನ ಸಣ್ಣ ಬಿಂದುವಿಗೆ ಬೇಕಾಗುತ್ತದೆ.

ಬಳಸುವಾಗ ಎರಡೂ ಕಣ್ಣು ತೆರೆದಿಡಿ, ನೋಟ ತಟ್ಟೆಯ ಮೇಲಿರಲಿ. ಎನ್‌ಸಿಸಿಯಲ್ಲಿ ಎಡಗಣ್ಣು ಮುಚ್ಚಿ ಕಲಿತವರಿಗೆ ಇದು ಬೇಗ ಬರುವುದಿಲ್ಲ, ಚುಕ್ಕೆಯನ್ನೇ ಹುಡುಕುತ್ತಾ ನಿಲ್ಲುತ್ತಾರೆ. ಅಂಥವರಿಗೆ ಒಂದು ಕಸರತ್ತು: ಸೈಟಿನ ಮುಂದಿನ ಗಾಜಿನ ಮುಚ್ಚಳ ಹಾಕಿ, ಹಿಂದಿನದು ಮಾತ್ರ ತೆಗೆಯಿರಿ. ಬಲಗಣ್ಣಿಗೆ ಕತ್ತಲಲ್ಲಿ ಚುಕ್ಕೆ ಮಾತ್ರ, ಎಡಗಣ್ಣಿಗೆ ಟಾರ್ಗೆಟ್ ಮಾತ್ರ. ಎರಡೂ ತೆರೆದರೆ ಮಿದುಳು ಒಂದರ ಮೇಲೊಂದು ಕೂರಿಸಿಕೊಡುತ್ತದೆ. ಖಾಲಿ ರೈಫಲ್ ಹಿಡಿದು ಮನೆಯಲ್ಲೇ ಮಾಡಬಹುದು, ಸುರಕ್ಷಿತ ಗೋಡೆಯ ಕಡೆಗೆ. 10/22ನ ಟ್ರಿಗರ್ ಖಾಲಿ ಒತ್ತಿದರೆ ಕೆಡುವುದಿಲ್ಲ ಅಂತ ಕಂಪನಿಯೇ ಹೇಳುತ್ತದೆ. ಪ್ರತಿ ಸಲವೂ ಕೆನ್ನೆ ಸ್ಟಾಕಿನ ಅದೇ ಜಾಗಕ್ಕೆ ಬರುವಂತೆ ಮಾಡಿ. ಕೆನ್ನೆ ಸರಿ ಕೂತರೆ ಚುಕ್ಕೆ ಹುಡುಕುವ ಕೆಲಸವೇ ಇರುವುದಿಲ್ಲ.

ಬೆಳಕು ಎಷ್ಟಿರಬೇಕು? ಕಾಣುವಷ್ಟು, ಅದಕ್ಕಿಂತ ಜಾಸ್ತಿ ಬೇಡ. ಟೆಕ್ಸಾಸಿನ ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ತಟ್ಟೆಯ ಮೇಲೆ ಚುಕ್ಕೆ ಮಾಯವಾಗುತ್ತದೆ, ಅಲ್ಲಿ ಏರಿಸಲೇಬೇಕು. ಅದೇ ಹಂತದಲ್ಲಿ ಶೆಡ್ಡಿನ ಒಳಗೆ ನೋಡಿದರೆ ಚುಕ್ಕೆ ಉರಿಯುವ ಕೆಂಡ. ಸರದಿ ಬಂದಾಗ ರೇಂಜ್ ಆಫೀಸರ್ ಸಿದ್ಧರಾಗಿ ಅಂದ ಕೂಡಲೇ ದೂರದ ತಟ್ಟೆಯ ಮೇಲೆ ಚುಕ್ಕೆ ನೋಡಿಕೊಂಡು ಬಟನ್ ಒತ್ತಿ, ಬೀಪ್ ಆದ ಮೇಲೆ ಅಲ್ಲ.

ಗಾಜನ್ನು ಶರ್ಟಿನ ತುದಿಯಲ್ಲಿ ಒರೆಸಬೇಡಿ. ಮೊದಲು ಧೂಳು ಊದಿ, ಆಮೇಲೆ ಕನ್ನಡಕದ ಬಟ್ಟೆ. ಬಂದೂಕು ತೊಳೆಯುವ ಸಾಲ್ವೆಂಟ್ ಲೇಪನಕ್ಕೆ ತಾಗಬಾರದು, ನಳಿಗೆ ಶುಚಿ ಮಾಡುವಾಗ ಮುಚ್ಚಳ ಹಾಕಿಡಿ. ಸೆಲ್ಲನ್ನು ಸಾಯುವ ತನಕ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ. ನಾನು ಆಯುಧಪೂಜೆ ದಿನ ಬದಲಿಸುತ್ತೇನೆ, ಮರೆಯುವ ಮಾತೇ ಇಲ್ಲ. ಕುಂಕುಮ ಇಡುವುದಾದರೆ ಸ್ಟಾಕಿಗೆ ಇಡಿ, ಗಾಜಿನಿಂದ ದೂರ ಇರಲಿ. ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಕ್ಕಳು ನುಂಗಿದರೆ ಈ ಬಟನ್ ಸೆಲ್ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡುತ್ತದೆ. ಎರಡೂ ಬದಿಗೆ ಟೇಪ್ ಸುತ್ತಿ, ಬ್ಯಾಟರಿ ತಗೊಳ್ಳುವ ಅಂಗಡಿಗೆ ಕೊಟ್ಟುಬನ್ನಿ.